ಆಡಿನ ಖಾಲಾ ಮತ್ತು ಕೆರೆದಂಡೆಯ ಬೇಶರಮ್

ಆಡು ಕಾಯುವವರು ಹಿಂಡಿನ ಹಿಂದೆ ನಡೆಯುತ್ತಾರೆ. ಆಕೆ ಮುಂದೆ ನಡೆಯುತ್ತಿದ್ದಳು. ಬಗಲಲ್ಲಿ ಒಂದು ಕರಿ ಕೊಡೆ, ಸೆರಗಿನ ಗಂಟಿನಲ್ಲಿ ಎಲೆ ಅಡಿಕೆ. ಕೈಯಲ್ಲಿ ಕೋಲು ಇರುತ್ತಿರಲಿಲ್ಲ. ಹಿಂದೆ ತಿರುಗಿ ನೋಡುತ್ತಲೂ ಇರಲಿಲ್ಲ.

"ನಾ ತಿರುಗಿ ನೋಡಿದ್ರ ಅವು ಆಟ ಹೂಡ್ತಾವ. ನೋಡ್ಲಿಲ್ಲಂದ್ರ, ಈಕಿ ಎಲ್ಲಿ ಬಿಟ್ಟು ಹೋಗ್ತಾಳೋ ಅಂತ ತಾವ ಓಡಿ ಬರ್ತಾವ" ಎನ್ನುತ್ತಿದ್ದಳು.

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ಬಂದರೆ ಸಿಗುವ ನಮ್ಮ ಊರಿನಲ್ಲಿ ಆಕೆಯನ್ನು ಎಲ್ಲರೂ ಖಾಲಾ ಎಂದು ಕರೆಯುತ್ತಿದ್ದರು. ಚಿಕ್ಕಮ್ಮ ಎಂದು ಅರ್ಥ. ಮುಸಲ್ಮಾನರ ಓಣಿಯ ಹುಡುಗರಿಂದ ಹಿಡಿದು ನಮ್ಮ ಮಠದ ಅಯ್ಯನವರ ತನಕ ಎಲ್ಲರಿಗೂ ಆಕೆ ಖಾಲಾ. ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಬರೆಯುವ ಯೋಗ್ಯತೆ ನನಗಿಲ್ಲ. ಆಕೆ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಆಕೆಯ ಆಡುಗಳು ಸತ್ತದ್ದಕ್ಕೆ ನಾನು ಕಾರಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಆಕೆಯ ಮಾತುಗಳನ್ನು ನೆನೆದು ನಗುತ್ತಾ ಕೂತು, ಹೇಳಬೇಕಾದದ್ದನ್ನು ಹೇಳದೆ ಎದ್ದುಬಿಡುತ್ತೇನೆ. ಆಕೆ ಬದುಕಿದ್ದಾಗ ನಾನು ಮಾಡಿದ್ದೂ ಅದನ್ನೇ.

ನಾನು ಲಿಂಗಸುಗೂರಿನಲ್ಲಿ ಹೈಸ್ಕೂಲು ಮುಗಿಸಿ, ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿ, ಆಯುಷ್ಯದ ಬಹುಪಾಲು ಪಾಳಿ ನೋಡಿಕೊಂಡು ಎದ್ದು ಮಲಗಿದವನು. ನಿವೃತ್ತಿಯ ಮೇಲೆ ಹೆಂಡತಿಯೊಂದಿಗೆ ಊರಿಗೆ ಬಂದೆ. ಅಪ್ಪನ ಹೊಲ ಊರ ಗಾಯರಾಣಕ್ಕೆ, ಅಂದರೆ ದನಕರು ಮೇಯಲೆಂದು ಬಿಟ್ಟ ಸರ್ಕಾರಿ ಜಾಗಕ್ಕೆ, ಅಂಟಿಕೊಂಡಿದೆ. ಗಾಯರಾಣದ ತಗ್ಗಿನಲ್ಲಿ, ಹಳ್ಳವೊಂದು ಹಾದುಹೋಗುವ ಕಡೆ, ಒಂದು ಸಣ್ಣ ಕೆರೆ. ಅದರ ಆಚೆ ಬಂಡೆಗಲ್ಲಿನ ಗುಡ್ಡ. ಕಾಲುವೆ ನೀರು ಬಾರದ ಒಣ ಸೀಮೆ ನಮ್ಮದು; ಬೇಸಿಗೆಯಲ್ಲಿ ಊರಿನ ಆಡು, ಕುರಿ, ಎಮ್ಮೆಗಳಿಗೆಲ್ಲ ಆ ಕೆರೆಯೊಂದೇ ನೀರು. ಖಾಲಾಗಂತೂ ಸ್ವಂತ ಹೊಲವೆಂದು ಒಂದು ಗೇಣೂ ಇರಲಿಲ್ಲ. ಮಗಳು ಸಣ್ಣವಳಿದ್ದಾಗಲೇ ಗಂಡ ತೀರಿಕೊಂಡಿದ್ದ. ಆ ಗಾಯರಾಣದ ಮೇವಿನ ಮೇಲೆಯೇ ಮಗಳನ್ನು ಬೆಳೆಸಿ, ಸಿಂಧನೂರಿಗೆ ಮದುವೆ ಮಾಡಿ ಕೊಟ್ಟಿದ್ದಳು.

ನಾನು ಊರಿಗೆ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಹೊಲದ ಬದುವಿನ ಮೇಲೆ ನಿಂತಿದ್ದೆ. ಆಕೆ ಹಿಂಡಿನ ಮುಂದೆ ಬಂದವಳು ನಿಂತಳು.

"ಹಟ್ಟ್ಯಾಗ ಬಂಗಾರ ತಗದವ್ರು ಬಂದಾರ ಅಂದ್ರು. ಎಲ್ಲಿ, ಕೈ ತೋರಸು ನೋಡೂಣು."

ತಮಾಷೆಗೆ ಎರಡೂ ಅಂಗೈ ಚಾಚಿದೆ. ಬಗ್ಗಿ ನೋಡಿದಳು. "ಏನೂ ಹತ್ತಿಲ್ಲಲ್ಲ ತಮ್ಮಾ. ಅಷ್ಟು ವರ್ಷ ಏನ್ ಅಗದಿ ಹಂಗಾರ?"

ಅಂದಿನಿಂದ ನಾನು ಆಕೆಗೆ ತಮ್ಮ. ವಯಸ್ಸಿನಲ್ಲಿ ನಾನೇ ಒಂದೆರಡು ವರ್ಷ ದೊಡ್ಡವನಿದ್ದರೂ ಇರಬಹುದು.

ಆಕೆ ಆಡುಗಳಿಗೆ ಹೆಸರಿಡುತ್ತಿದ್ದಳು. ಎಲ್ಲಕ್ಕೂ ಅಲ್ಲ, ಮನಸ್ಸಿಗೆ ಬಂದವಕ್ಕೆ. ಕಂಡವರ ಹೊಲವನ್ನೆಲ್ಲ ಈ ತುದಿಯಿಂದ ಆ ತುದಿಗೆ ಅಳೆದು ಬರುವ ಹೋತ ಪಟವಾರಿ. ಹಿಂದಿನಿಂದ ಎಲ್ಲರನ್ನೂ ಮುಂದಕ್ಕೆ ನೂಕುವ ಕರಿ ಆಡು ಕಂಡಕ್ಟರ್. ಮೇವು ಹಾಕಿದಾಗ ತನಗೇ ಮೊದಲು ಹಾಕಬೇಕೆಂದು ಮುಖ ತಿರುಗಿಸಿ ನಿಲ್ಲುವವಳು ಬೀಗತಿ. ಆಡುಗಳ ಜೊತೆ ದಖನಿಯಲ್ಲಿ ಮಾತು, ಬೈಗುಳ ಮಾತ್ರ ಕನ್ನಡದಲ್ಲಿ. ಯಾಕೆಂದು ಕೇಳಿದರೆ, "ನನ್ನ ಭಾಷಾದಾಗ ಬೈದ್ರ ಅವಕ್ಕ ಖರೇ ಅನಸ್ತೈತಿ, ಬ್ಯಾಸರ ಮಾಡ್ಕೋತಾವ" ಎಂದಳು.

ಹೆಸರಿಟ್ಟ ಆಡನ್ನು ಆಕೆ ಮಾರುತ್ತಿರಲಿಲ್ಲ. ಬಕ್ರೀದಿನ ಮುಂಚೆ ಮಸ್ಕಿಯಿಂದ ವ್ಯಾಪಾರಿಗಳು ಬಂದು ಪಟವಾರಿಯ ಬೆನ್ನು ಸವರಿ, ದರ ಏರಿಸುತ್ತಾ ನಿಲ್ಲುತ್ತಿದ್ದರು. ಆಕೆ ಎಲೆ ಜಗಿಯುತ್ತಾ, "ಅದಕ್ಕ ಹೆಸರೈತಿ" ಎಂದಷ್ಟೇ ಹೇಳಿ ಬೇರೆಯದನ್ನು ತೋರಿಸುತ್ತಿದ್ದಳು.

ನನ್ನ ಮಗಳು ಹೆರಿಗೆಗೆಂದು ಬಂದಿದ್ದಾಗ ಅವಳಿಗೆ ಹಾಲು ಇಳಿಯಲಿಲ್ಲ. ಕೂಸು ಡಬ್ಬಿಯ ಹಾಲು ಕಕ್ಕುತ್ತಿತ್ತು. ನಾವು ಯಾರೂ ಹೇಳಿಕಳಿಸಿರಲಿಲ್ಲ. ಖಾಲಾ ಬೆಳಿಗ್ಗೆ ಒಂದು ಗಿಂಡಿಯಲ್ಲಿ ಬೀಗತಿಯ ಹಾಲು ತಂದು ಹೊಸ್ತಿಲ ಹೊರಗೆ ನಿಂತಳು. ನನ್ನ ಹೆಂಡತಿ ಒಳಗೆ ಕರೆದರೆ ಬರಲಿಲ್ಲ. "ಕಾಲಾಗ ಹಿಕ್ಕಿ ಮೆತ್ಯಾವ ಬೇ, ನಿಮ್ಮ ಬಾಣಂತಿ ಮನಿ. ತಗೋ, ಕಾಯಿಸಿ, ನೀರು ಬೆರಸಿ ಕೊಡು." ಕೂಸಿಗೆ ಹಲ್ಲು ಬರುವ ತನಕ ದಿನವೂ ತಂದಳು. ಆ ಕೂಸು ಈಗ ಹೈಸ್ಕೂಲಿಗೆ ಹೋಗುತ್ತದೆ.

ಇದಾದ ಮರುವರ್ಷವೇ ನಾನು ಆ ಕೆಲಸ ಮಾಡಿದೆ.

ಆ ವರ್ಷ ತೊಗರಿ ಚೆನ್ನಾಗಿತ್ತು. ಪಟವಾರಿ ಹಿಂಡು ಕಟ್ಟಿಕೊಂಡು ಹೊಲಕ್ಕೆ ನುಗ್ಗಿ ಒಂದು ಮೂಲೆಯನ್ನು ಬರಿದು ಮಾಡಿತ್ತು. ನಾನು ಊರ ಕಟ್ಟೆಯ ಮುಂದೆ ನಾಲ್ಕು ಜನರ ಎದುರಿಗೆ ಆಕೆಗೆ ಬಾಯಿಗೆ ಬಂದಂತೆ ಅಂದೆ. ಆಕೆ ಎದುರಾಡಲಿಲ್ಲ. "ಆಡಿಗೆ ಗಡಿ ಗೊತ್ತಿಲ್ಲ ತಮ್ಮಾ, ನನಗ ಗೊತ್ತಿರಬೇಕಿತ್ತು. ತಪ್ಪಾತು" ಎಂದಳು. ಅಷ್ಟಕ್ಕೆ ಮುಗಿಯಬೇಕಿತ್ತು. ನನಗೆ ಮುಗಿಯಲಿಲ್ಲ. ಹಟ್ಟಿಯ ಕ್ವಾರ್ಟರ್ಸಿನ ಸಾಲು ಮನೆಗಳಲ್ಲಿ ಬಾಳಿದವನು ನಾನು. ನನ್ನದು ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಒಂದು ಗೆರೆ ಬೇಕೆನಿಸಿತು.

ನಮ್ಮ ಕಡೆ ಬೇಲಿ ಹಾಕುವುದರಲ್ಲಿ ಒಂದು ರೂಢಿಯಿದೆ. ಪಕ್ಕದಲ್ಲಿ ಸರ್ಕಾರಿ ಜಾಗವಿದ್ದರೆ ಬೇಲಿಯನ್ನು ನಮ್ಮ ಗಡಿಯೊಳಗೆ ಯಾರೂ ಹಾಕುವುದಿಲ್ಲ. ಆಚೆಗೇ ಹಾಕುತ್ತೇವೆ. ನಮ್ಮ ನೆಲ ಬೇಲಿಗೆ ಹೋಗಬಾರದು, ಆಮೇಲೆ ನಡುವಿನ ಜಾಗವೂ ಮೆಲ್ಲಗೆ ನಮ್ಮದೇ ಆಗುತ್ತದೆ. ಯಾರೂ ಕೇಳುವುದಿಲ್ಲ. ನಾನೂ ಹಾಗೆಯೇ ಲೆಕ್ಕ ಹಾಕಿದೆ. ಬದುವಿನ ಮೇಲಲ್ಲ, ಅಲ್ಲಿಂದ ಇಳಿದು ಕೆರೆಯ ದಂಡೆಯುದ್ದಕ್ಕೂ ಬೇಲಿ. ಆಡುಗಳು ನೀರಿಗೆ ಬಂದು ಹಾಗೇ ನನ್ನ ಹೊಲಕ್ಕೆ ತಿರುಗುವ ದಾರಿಯೇ ಮುಚ್ಚಿಹೋಗಬೇಕು.

ಸಿಂಧನೂರಿಗೆ ಬಸ್ಸಿನಲ್ಲಿ ಹೋಗುವಾಗ ಕಾಲುವೆ ದಂಡೆಯ ಮೇಲೆ ಒಂದು ಗಿಡ ನೋಡುತ್ತಿದ್ದೆ. ಉದ್ದ ಕೋಲಿನಂಥ ಕಾಂಡ, ಹೃದಯದಾಕಾರದ ಎಲೆ, ತುತ್ತೂರಿಯಂಥ ತಿಳಿನೇರಳೆ ಹೂವು. ಬೇಶರಮ್ ಕಂಟಿ ಎನ್ನುತ್ತಾರೆ. ನಾಚಿಕೆಗೇಡಿ ಗಿಡ ಎಂದು ಅರ್ಥ. ಆಗ ನಮ್ಮ ಒಣ ಊರಿನಲ್ಲಿ ಅದು ಇರಲಿಲ್ಲ. ಬಂಗಾಳದಿಂದ ಬಂದ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಒಬ್ಬ ಬಂಗಾಳಿ ರೈತ ತನ್ನ ಗದ್ದೆಯ ಸುತ್ತ ಅದನ್ನೇ ಬೇಲಿ ಮಾಡಿದ್ದ. ಅವನನ್ನು ಕೇಳಿದೆ.

"ಕಡ್ಡಿ ಚುಚ್ಚಿದರ ಆಯ್ತು, ಹುಟ್ಟುತ್ತದ" ಎಂದ ಅವನು, ತನ್ನ ಮುರುಕು ಕನ್ನಡದಲ್ಲಿ. "ವಿಷ ಅದ. ಜಾನುವಾರು ಬಾಯಿ ಹಾಕೋದಿಲ್ಲ. ಆದರ ಕೆರೆ ಬಾಜು ಹಾಕಬ್ಯಾಡ. ಒಂದು ತುಂಡು ನೀರಿಗೆ ಬಿದ್ದರ ಕೆರೆ ಪೂರಾ ತುಂಬುತ್ತದ. ಆಮೇಲೆ ತೆಗೆಯೋಕೆ ಆಗೋದಿಲ್ಲ."

ಕೇಳಿಸಿಕೊಂಡೆ. ಆದರೂ ಒಂದು ಟ್ರ್ಯಾಕ್ಟರ್ ತುಂಬ ಕಡ್ಡಿ ಕಡಿಸಿ ತಂದೆ. ತನ್ನ ಮಗಳ ಬಾಣಂತನಕ್ಕೆಂದು ಖಾಲಾ ಸಿಂಧನೂರಿಗೆ ಹೋಗಿದ್ದಳು, ಆಡುಗಳನ್ನು ಓಣಿಯವರೊಬ್ಬರು ಗುಡ್ಡದ ಕಡೆ ಮೇಯಿಸುತ್ತಿದ್ದರು. ಆ ದಿನಗಳನ್ನೇ ನೋಡಿ, ಬೇರೆ ಊರಿನ ಕೂಲಿಯವನನ್ನು ಕರೆಸಿ, ಮಳೆಗೆ ಮೆತ್ತಗಾಗಿದ್ದ ದಂಡೆಯಲ್ಲಿ ಸಾಲಾಗಿ ಚುಚ್ಚಿಸಿದೆ. ನನ್ನ ಹೆಂಡತಿ, "ಖಾಲಾನ ಆಡು ನೀರಿಗೆ ಹೆಂಗ ಹೋಗಬೇಕು?" ಎಂದು ಕೇಳಿದಳು. "ಸುತ್ತು ಹಾಕಿ ಹೋಗಲಿ, ಕಾಲಿಲ್ಲೇನು ಅವಕ್ಕ" ಎಂದೆ.

ಖಾಲಾ ತಿರುಗಿ ಬರುವಷ್ಟರಲ್ಲಿ ಕಡ್ಡಿಗಳೆಲ್ಲ ಚಿಗುರಿದ್ದವು. ದಂಡೆಯ ಮೇಲೆ ನಿಂತು ನೋಡಿದಳು. "ಈ ಸಲ ಹಳ್ಳ ಏನೋ ಹೊಸಾದು ತಂದೈತಿ ನೋಡು ತಮ್ಮಾ." ನಾನು, "ತಂದಿರಬೇಕು" ಎಂದೆ.

ಮೊದಲ ಸುಳ್ಳು ಅಷ್ಟು ಸಣ್ಣದು.

ಮುಂದಿನ ವರ್ಷಗಳಲ್ಲಿ ಅದು ಕೆರೆಯ ಮೂರು ಕಡೆ ಹಬ್ಬಿತು. ನನ್ನ ತೊಗರಿ ಉಳಿಯಿತು. ಹೂವು ಬಿಟ್ಟಾಗ ಚೆಂದವೂ ಕಾಣುತ್ತಿತ್ತು. ಖಾಲಾ ಒಂದು ಹೂವು ಕಿತ್ತು ಬೀಗತಿಯ ಕಿವಿಗೆ ಸಿಕ್ಕಿಸಿ, "ಬೀಗರ ಮನೀಗೆ ಹೊಂಟಾಳ" ಎಂದು ನಗಾಡಿದ್ದು ನೆನಪಿದೆ. ಆಡುಗಳು ಅದರ ಎಲೆ ಮೂಸಿ ಮುಖ ತಿರುಗಿಸುತ್ತಿದ್ದವು. ಅದನ್ನು ನೋಡಿ ನಾನು, ಕೆಟ್ಟದ್ದೇನೂ ಆಗಲಿಲ್ಲವಲ್ಲ ಎಂದುಕೊಂಡಿದ್ದೆ.

ಆಮೇಲೆ ಒಂದು ಮಳೆಗಾಲ ಕೈಕೊಟ್ಟಿತು. ಬೇಸಿಗೆ ಬರುವಷ್ಟರಲ್ಲಿ ಗುಡ್ಡದ ಮೇಲೆ ಒಣ ಹುಲ್ಲೂ ಉಳಿದಿರಲಿಲ್ಲ. ಇಡೀ ಗಾಯರಾಣದಲ್ಲಿ ಹಸಿರಾಗಿದ್ದುದು ಒಂದೇ, ಕೆರೆಯ ದಂಡೆಯ ಬೇಶರಮ್. ಯಾವ ಆಡು ಮೊದಲು ಬಾಯಿ ಹಾಕಿತೋ ಗೊತ್ತಿಲ್ಲ. ಖಾಲಾ ನೋಡುವ ಹೊತ್ತಿಗೆ ಅವು ಸಾಲಾಗಿ ನಿಂತು ಮೇಯುತ್ತಿದ್ದವು. ಆಕೆಗೆ ಸಂತೋಷವೇ ಆಯಿತು. ನನ್ನ ಹತ್ತಿರ ಬಂದು ಹೇಳಿದಳು: "ಹಸದ ಹೊಟ್ಟಿ ಎಲ್ಲಾ ರುಚಿ ಕಲಸ್ತೈತಿ. ಈ ಬ್ಯಾಸಗಿ ದಾಟ್ತಾವ ಬಿಡು."

ನಾನು ಅಂದೇ ಹೇಳಬಹುದಿತ್ತು. ವಿಷ ಎಂದು ಆ ಬಂಗಾಳಿ ರೈತ ನನಗೆ ಹೇಳಿದ್ದ. ಆದರೆ ನಿನಗೆ ಹೇಗೆ ಗೊತ್ತು ಎಂದು ಆಕೆ ಕೇಳುತ್ತಾಳೆ. ಎಲ್ಲಿಂದ ಬಂತು ಎಂದೂ ಕೇಳುತ್ತಾಳೆ. ಚೂರು ತಿಂದರೆ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ.

ಮಳೆ ಬಂತು, ಹುಲ್ಲು ಚಿಗುರಿತು. ಆಡುಗಳು ಹುಲ್ಲಿಗೆ ಬಾಯಿ ಹಾಕಲಿಲ್ಲ. ಖಾಲಾ ಎಂದಿನಂತೆ ಮುಂದೆ ನಡೆದು ಗುಡ್ಡ ಹತ್ತಿದರೆ, ಹಿಂದೆ ಯಾರೂ ಬರುತ್ತಿರಲಿಲ್ಲ. ಜೀವನದಲ್ಲಿ ಮೊದಲ ಸಲ ಆಕೆ ನಿಂತು ತಿರುಗಿ ನೋಡಿದ್ದನ್ನು ನಾನು ಹೊಲದಿಂದ ಕಂಡೆ. ಆಡುಗಳೆಲ್ಲ ಕೆರೆಯ ಕಡೆ ಇಳಿಯುತ್ತಿದ್ದವು. "ನಕ್ಕೋ ರೇ, ನಕ್ಕೋ" ಎಂದು ಆಕೆ ಬೇಡಿಕೊಳ್ಳುತ್ತಾ ಹಿಂದೆ ಓಡಿದಳು. ಬೇಡ, ಬೇಡ ಎಂದು. ಕೊಡೆ ಕೈಯಿಂದ ಬಿದ್ದದ್ದೂ ತಿಳಿಯಲಿಲ್ಲ.

ಮೊದಲು ಪಟವಾರಿಗೆ ತಲೆ ನಡುಗಲು ಶುರುವಾಯಿತು. ಹಿಂಗಾಲು ಅಡ್ಡಾದಿಡ್ಡಿ ಬೀಳುತ್ತಿದ್ದವು. ನಿಂತಲ್ಲೇ ಕುಸಿದು, ಎದ್ದು, ಮತ್ತೆ ಕೆರೆಯ ಕಡೆಗೇ ತೆವಳುತ್ತಿತ್ತು. ಮೈಯಲ್ಲಿ ಎಲುಬು ಎಣಿಸಬಹುದಿತ್ತು. ಖಾಲಾ ಮೊದಲು ದರ್ಗಾದಿಂದ ಊದಿ, ಅಂದರೆ ಧೂಪದ ಬೂದಿ, ತಂದು ಹಚ್ಚಿದಳು. ಆಮೇಲೆ ನಮ್ಮ ಮಠಕ್ಕೂ ಹೋಗಿ ಅಯ್ಯನವರ ಹತ್ತಿರ ವಿಭೂತಿ ಮಂತ್ರಿಸಿಕೊಂಡು ಬಂದಳು. "ಎರಡೂ ಕಡೆ ಅರ್ಜಿ ಕೊಟ್ಟೀನಿ ತಮ್ಮಾ. ಯಾರು ಮೊದಲ ಸಹಿ ಮಾಡ್ತಾರೋ ನೋಡೂಣು" ಎಂದಳು. ಆಕೆ ನಗಿಸಲೆಂದೇ ಹೇಳಿದ್ದಳು. ನಾನು ನಕ್ಕೂ ಬಿಟ್ಟೆ.

ಮಸ್ಕಿಯಿಂದ ದನದ ಡಾಕ್ಟರು ಬಂದ ದಿನ ನಾನೂ ಜೊತೆಗೆ ಹೋದೆ. ಅವರು ಪಟವಾರಿಯ ಕಣ್ಣು, ಬಾಯಿ ನೋಡಿದರು. ಎದ್ದು ಕೆರೆಯ ದಂಡೆ ನೋಡಿದರು.

"ಇದು ಒಂದರಿಂದ ಒಂದಕ್ಕ ಹತ್ತೂ ಬ್ಯಾನಿ ಅಲ್ಲವ್ವಾ. ವಿಷ. ಆ ಕಂಟಿ ತಿಂದಾವ."

"ಈ ಬ್ಯಾಸಗಿ ತನಕ ಬಾಯಿ ಹಾಕಿದ್ದಿಲ್ರೀ ಡಾಕ್ಟ್ರ."

"ಹಸಿವಿಗೆ ಒಮ್ಮೆ ತಿಂದ್ರ ಸಾಕು. ಆಮ್ಯಾಲ ಚಟ. ಶೆರೆ ಕುಡಿಯೋರ ಹಂಗ. ನೀ ಮುಂದ ಬಂಗಾರದ ಹುಲ್ಲು ಹಾಕು, ತಿನ್ನಂಗಿಲ್ಲ."

"ಔಷಧ ಬರದು ಕೊಡ್ರಿ, ಸಿಂಧನೂರಿಗೆ ಹೋಗಿ ತರ್ತೀನಿ."

"ಇದಕ್ಕ ಔಷಧ ಇಲ್ಲ. ಕಂಟಿಯಿಂದ ದೂರ ಇಡಬೇಕು, ಅಷ್ಟ. ಶುರುವಿನ್ಯಾಗ ಬಿಡಿಸಿದ್ರ ಕೆಲವು ಉಳೀತಾವ. ಇದು ಉಳಿಯಂಗಿಲ್ಲ."

"ನೀರಿಗೆ ಎಲ್ಲಿ ಒಯ್ಯಲಿ? ಇರೋದು ಇದೊಂದ ಕೆರಿ." ಡಾಕ್ಟರು ಚೀಲ ಕಟ್ಟತೊಡಗಿದರು. ಆಕೆ, "ಹಾಲಿನ್ಯಾಗೂ ಇಳೀತೈತೇನ್ರೀ?" ಎಂದು ಕೇಳಿದಳು.

"ಇಳೀಬಹುದು. ಯಾರಿಗೂ ಕೊಡಬ್ಯಾಡ."

ಅಂದು ಸಂಜೆ ಖಾಲಾ ಮಾಡಿದ ಕೆಲಸವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಹಾಲು ಕೊಟ್ಟ ಮನೆಗಳಿಗೆಲ್ಲ ಒಂದೊಂದಾಗಿ ಹೋದಳು. ಕೂಸುಗಳಿಗೆ ಕೊಟ್ಟದ್ದು, ದಮ್ಮಿನ ಮುದುಕರಿಗೆ ಕೊಟ್ಟದ್ದು, ಎಲ್ಲ. ಹೊಸ್ತಿಲ ಹೊರಗೇ ನಿಂತು, "ನನ್ನ ಆಡು ವಿಷ ತಿಂದಾವಂತ. ನಾ ಕೊಟ್ಟ ಹಾಲಿನಿಂದ ಯಾರಿಗರ ಏನರ ಆಗಿದ್ರ ನನ್ನ ಮ್ಯಾಲ ಹಾಕ್ರಿ. ನನಗ ಗೊತ್ತಿದ್ದಿಲ್ಲ" ಎಂದು ಹೇಳಿದಳು. ಒಂದು ಮನೆಯಲ್ಲಿ ಹೆಂಗಸೊಬ್ಬಳು ಬಾಗಿಲು ಹಾಕಿಕೊಂಡಳಂತೆ. ಇನ್ನೊಂದು ಕಡೆ ಬೈದರಂತೆ. ನಮ್ಮ ಮನೆಗೂ ಬಂದಳು.

"ತಮ್ಮಾ, ನಿನ್ನ ಮೊಮ್ಮಗಳು ಕುಡದದ್ದು ಈ ಕಂಟಿ ಬರೂಕಿಂತ ಮೊದಲಿಂದು. ಆದ್ರೂ ಹೇಳಿ ಹೋಗಬೇಕನಸ್ತು."

ತನ್ನದಲ್ಲದ ತಪ್ಪನ್ನು ಆಕೆ ಮನೆಮನೆಗೆ ಹೊತ್ತು ತಿರುಗುತ್ತಿದ್ದಳು. ಅದರ ಧಣಿ ನಾನು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. "ಏನಾಗಿಲ್ಲ ಬಿಡು ಖಾಲಾ, ಹೋಗಿ ಉಣ್ಣು" ಎಂದೆ. ನನ್ನ ಹೆಂಡತಿ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಖಾಲಾ ಹೋದ ಮೇಲೆ, "ಈಗರ ಹೇಳ್ರಿ" ಎಂದಳು. ನಾನು ಉಣ್ಣಲು ಕೂತೆ.

ಮರುದಿನದಿಂದ ಖಾಲಾ ಕುಡಗೋಲು ಹಿಡಿದಳು.

ಯಾರೂ ಜೊತೆಗೆ ಬರಲಿಲ್ಲ. ಎಮ್ಮೆ ಇದ್ದವರು ಆ ಹೊತ್ತಿಗೆ ಕೊಳವೆಬಾವಿ ಹಾಕಿಸಿಕೊಂಡು ಅದರ ನೀರು ಕುಡಿಸುತ್ತಿದ್ದರು. ಕುರಿಯವರು ಆ ಕಡೆ ಬರುವುದನ್ನು ಬಿಟ್ಟಿದ್ದರು. ಪಂಚಾಯ್ತಿಯವರು ನೋಡೋಣ ಎಂದರು. ಆಕೆ ಆಡುಗಳನ್ನು ದೊಡ್ಡಿಯೊಳಗೆ ಕೂಡಿ ಹಾಕಿ, ತಾನೊಬ್ಬಳೇ ಸೊಂಟದ ತನಕ ಕೆಸರಿಗೆ ಇಳಿದು ಕಡಿಯುತ್ತಿದ್ದಳು. ಕಾಂಡದಿಂದ ಸೋರುವ ಹಾಲು ತಾಗಿ ಕೈಯೆಲ್ಲ ಕೆಂಪಾಗಿ ತುರಿಸುತ್ತಿತ್ತು. ನನ್ನ ಹೆಂಡತಿ ಕೊಬ್ಬರಿ ಎಣ್ಣೆ ಕೊಟ್ಟು ಕಳಿಸಿದಳು. ನಾನು ಥರ್ಮಾಸಿನಲ್ಲಿ ಚಹಾ ತೆಗೆದುಕೊಂಡು ಹೋಗುತ್ತಿದ್ದೆ. ಹೌದು, ಚಹಾ. ಅದರಿಂದ ಏನೋ ತೀರುತ್ತದೆ ಎಂದುಕೊಂಡಿದ್ದೆ.

ಮೊದಲ ದಿನ ಕಡಿದದ್ದನ್ನೆಲ್ಲ ಹೊತ್ತು ತಂದು ನನ್ನ ಬದುವಿನ ಪಕ್ಕ ಒಟ್ಟಿದ್ದಳು. ಒಟ್ಟಿದ್ದು ಅಲ್ಲೇ ಬೇರು ಬಿಟ್ಟು ನನ್ನ ಹೊಲಕ್ಕೆ ಏರುತ್ತದೆ ಎಂಬ ಭಯ ನನಗೆ. ಅಷ್ಟು ಚೆನ್ನಾಗಿ ಗೊತ್ತಿತ್ತು ನನಗೆ.

"ಇಲ್ಲಿ ಒಟ್ಟಬ್ಯಾಡ ಖಾಲಾ."

"ಮತ್ತ ಎಲ್ಲಿ ಒಗೀಲಿ ತಮ್ಮಾ?"

"ನೀರಾಗ ಒಗಿ. ಕೊಳತು ಹೋಗ್ತಾವ."

ಇದನ್ನು ಬರೆದ ಮೇಲೆ ನಾನು ಬಹಳ ಹೊತ್ತು ಎದ್ದು ಹೊರಗೆ ಹೋಗಿ ಬಂದೆ. ಗಿಡ ನೆಟ್ಟದ್ದು ತಪ್ಪು, ಆದರೆ ಅದಕ್ಕೊಂದು ಕಾರಣ ಹೇಳಿಕೊಳ್ಳಬಹುದು. ಬೇಲಿ ಬೇಕಿತ್ತು, ತೊಗರಿ ಉಳಿಯಬೇಕಿತ್ತು. ಈ ಮಾತಿಗೆ ಏನು ಹೇಳಲಿ? ನನ್ನ ಬದು ಉಳಿಯಲೆಂದು ಆಕೆಯ ಕೆರೆಯನ್ನು ಕೊಟ್ಟುಬಿಟ್ಟೆ. ಆಕೆ ನನ್ನ ಮಾತು ನಂಬಿ ಕಡಿದು ಕಡಿದು ನೀರಿಗೆ ಎಸೆದಳು. ದಂಡೆ ಬೋಳಾದಂತೆ ಕಾಣುತ್ತಿದ್ದಾಗ ಆಕೆಯ ಮುಖ ನೋಡಬೇಕಿತ್ತು. "ಮಾಡಿದ್ರ ಆಗ್ತೈತಿ ನೋಡು. ಗಂಡಸ್ರೆಲ್ಲ ಕಟ್ಟೀ ಮ್ಯಾಲ ಕುಂತಾರ" ಎಂದು ಚಹಾ ಕುಡಿಯುತ್ತಾ ನಕ್ಕಳು. ನೀರಿನಲ್ಲಿ ತೇಲುತ್ತಿದ್ದ ತುಂಡುಗಳು ಗಾಳಿಗೆ ಒಂದೊಂದಾಗಿ ಆಚೆ ದಡಕ್ಕೆ, ಬಂಡೆಯ ಸಂದಿಗೆ, ಹಳ್ಳದ ಬಾಯಿಗೆ ಹೋಗುತ್ತಿದ್ದವು. ನಾನು ಅವನ್ನು ನೋಡುತ್ತಾ ಕೂತಿದ್ದೆ.

ಮುಂದಿನ ಮುಂಗಾರು ಬಿದ್ದ ಮೇಲೆ ಕೆರೆಯ ನಾಲ್ಕೂ ಕಡೆ ಎದ್ದಿತು. ಕೆರೆಯ ನಡುವೆಯೂ ನಡುಗಡ್ಡೆಯಂತೆ ಎದ್ದಿತು. ಖಾಲಾ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. "ಇಷ್ಟು ಕಡದ್ರೂ ಎಲ್ಲಿಂದ ಬಂತು ತಮ್ಮಾ? ಮೊದಲಿಗಿಂತ ಹೆಚ್ಚಾಗೇತಿ. ಯಾರೋ ಬೇಕಂತ ಹಚ್ಚಿದಂಗ ಐತಿ." ಆಮೇಲೆ ನನ್ನ ಮುಖ ನೋಡಿ, "ಯಾರು ಹಚ್ತಾರ, ನನ್ನ ಹುಚ್ಚು" ಎಂದಳು. ಎದ್ದು ಮತ್ತೆ ಕಡಿಯಲು ಇಳಿದಳು. ಆ ವರ್ಷವೂ ಕಡಿದಳು. ನೀರಿಗೇ ಎಸೆದಳು.

ಈ ನಡುವೆ ಪಟವಾರಿ ಸತ್ತಿತು. ಕಂಡಕ್ಟರ್ ಕೆರೆಯ ಕೆಸರಿನಲ್ಲಿ ಸಿಕ್ಕಿ ಏಳಲಾಗದೆ ಸತ್ತಿತು. ಬೀಗತಿ ಈದ ಮರಿ ಕಾಲೂರಿ ನಿಲ್ಲಲೇ ಇಲ್ಲ. ಖಾಲಾ ಅದನ್ನು ಮಡಿಲಲ್ಲಿ ಹಾಕಿಕೊಂಡು, ಬೇರೆಯವರ ಆಡಿನ ಹಾಲಿನಲ್ಲಿ ಬತ್ತಿ ಅದ್ದಿ ಬಾಯಿಗಿಡುತ್ತಾ ಕೂತಿರುತ್ತಿದ್ದಳು. ಮರಿ ಹೋಯಿತು. ಹಿಂದೆಯೇ ಬೀಗತಿಯೂ. ಕೊನೆಗೆ ಗಟ್ಟಿಯಾಗಿ ಉಳಿದದ್ದು ದೊಡ್ಡಿಯಿಂದ ಹೊರಗೇ ಬಿಡದಿದ್ದ ಕೆಲವು ಮಾತ್ರ. ಅವಕ್ಕೂ ಮೇವಿಲ್ಲ. ಮಸ್ಕಿಯ ವ್ಯಾಪಾರಿಯನ್ನು ಕರೆಸಿದಳು. ಅವನು ಹಳೆಯ ಗಿರಾಕಿ, ಚೇಷ್ಟೆ ಮಾಡಿದ.

"ಇವಕ್ಕ ಹೆಸರಿಲ್ಲೇನು ಖಾಲಾ?"

"ಇಲ್ಲ" ಎಂದಳು.

ಇತ್ತು. ನನಗೆ ಗೊತ್ತಿತ್ತು. ಅದರಲ್ಲಿ ಒಂದನ್ನು ನನ್ನ ಮೊಮ್ಮಗಳ ಹೆಸರಿನಿಂದ ಕರೆಯುತ್ತಿದ್ದಳು.

ಆಮೇಲೆ ಆಕೆಗೆ ಊರಿನಲ್ಲಿ ಕೆಲಸವಿರಲಿಲ್ಲ. ಮಗಳು ಬಂದು ಸಿಂಧನೂರಿಗೆ ಕರೆದುಕೊಂಡು ಹೋದಳು. ಬಸ್ಸು ಹತ್ತುವಾಗ ನನ್ನ ಹೆಂಡತಿಯ ಕೈ ಹಿಡಿದುಕೊಂಡು ಏನೋ ಹೇಳಿದಳು. ನನಗೆ, "ತಮ್ಮಾ, ನೀ ಒಬ್ಬನರ ನನ್ನ ಕೂಡ ಕೆರಿಗೆ ಬಂದಿ" ಎಂದಳು. ಬಸ್ಸು ಹೋಯಿತು.

ಹೆಂಡತಿ ತೀರಿಕೊಂಡ ಮೇಲೆ ಆ ಮಾತು ನನ್ನನ್ನು ಮನೆಯೊಳಗೆ ಕೂರಗೊಡಲಿಲ್ಲ. ಖಾಲಾಗೆ ಹುಷಾರಿಲ್ಲ ಎಂದು ಕೇಳಿ ಕಳೆದ ವರ್ಷ ಸಿಂಧನೂರಿಗೆ ಹೋದೆ. ರೈಸ್ ಮಿಲ್ಲುಗಳ ಹಿಂದಿನ ಓಣಿ. ಮನೆಯ ಮೇಲೆಲ್ಲ ಹೊಟ್ಟಿನ ಧೂಳು. ಆಕೆ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮೈ ಇಳಿದಿತ್ತು, ಬಾಯಿ ಇಳಿದಿರಲಿಲ್ಲ.

"ಬಾ ತಮ್ಮಾ. ಇಲ್ಲಿ ನೋಡು, ಊರ ತುಂಬ ಅಕ್ಕಿ ಐತಿ, ನನಗ ಗಂಜಿ ಸೇರವಲ್ದು. ಬೀಗತಿ ಆಗೀನಿ."

ನಾನು ಕೂತೆ. ಕೂತವನೇ ಹೇಳಿದೆ. ತಡಮಾಡಿದರೆ ಎದ್ದು ಬಂದುಬಿಡುತ್ತೇನೆ ಎಂದು ಗೊತ್ತಿತ್ತು. ಟ್ರ್ಯಾಕ್ಟರಿನಲ್ಲಿ ಕಡ್ಡಿ ತಂದದ್ದು, ಆಕೆ ಊರಲ್ಲಿ ಇಲ್ಲದಾಗ ಚುಚ್ಚಿಸಿದ್ದು, ಎಲ್ಲ ಹೇಳಿದೆ. ಆಕೆ ಕೇಳುತ್ತಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಬೇಲಿ ಎಲ್ಲಾರೂ ಹಾಕ್ತಾರ" ಎಂದಳು ಕೊನೆಗೆ. "ನನ್ನ ಆಡೂ ನಿನ್ನ ತೊಗರಿ ತಿಂದಿದ್ವು. ಅದು ಇರಲಿ."

ನನಗೆ ಉಸಿರು ಬಂದಂತಾಯಿತು. ಅಷ್ಟರಲ್ಲಿ ಆಕೆ ಬೆರಳಿನ ಸೆರಗು ಬಿಚ್ಚಿ, ನನ್ನನ್ನು ನೋಡಿ ಕೇಳಿದಳು. "ನೀರಾಗ ಒಗಿ ಅಂದಿಯಲ್ಲ. ಆವಾಗ ನಿನಗ ಗೊತ್ತಿತ್ತೇನು, ಅವು ಹುಟ್ತಾವಂತ?"

"ಗೊತ್ತಿತ್ತು" ಎಂದೆ.

"ನಾ ಎರಡು ವರ್ಷ ಒಗದೆ."

"ಹೌದು."

"ದಂಡಿ ಮ್ಯಾಲ ಕುಂತು ನೋಡಿದಿ. ಚಾ ಕುಡಿಸಿದಿ."

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ನಾನು ಕೈ ಮುಗಿದು, "ನನ್ನ ಮಾಫ್ ಮಾಡು ಖಾಲಾ" ಎಂದೆ.

"ನನಗ ಹೇಳಿ ಏನ್ ಮಾಡ್ತೀರಿ" ಎಂದಳು. ಅಲ್ಲಿಯ ತನಕ ಆಕೆ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದೇ ಇಲ್ಲ. "ನನ್ನ ಹಂತ್ಯಾಕ ಈಗ ಆಡಿಲ್ಲ. ಆಡು ಇದ್ದವರಿಗೆ ಹೇಳ್ರಿ, ಹೋಗ್ರಿ." ಒಳಗೆ ಒಲೆಯ ಮುಂದಿದ್ದ ಮಗಳಿಗೆ, "ಅವ್ರಿಗೆ ಚಾ ಇಡಬ್ಯಾಡ. ಬಸ್ಸಿಗೆ ಹೊತ್ತಾಗೇತಿ" ಎಂದಳು. ಗೋಡೆಯ ಕಡೆ ಹೊರಳಿ ಮಲಗಿದಳು.

ಬಸ್ಸಿಗೆ ಹೊತ್ತಾಗಿರಲಿಲ್ಲ. ನಿಲ್ದಾಣದಲ್ಲಿ ಬಹಳ ಹೊತ್ತು ಕೂತಿದ್ದೆ. ಅದಾಗಿ ಸ್ವಲ್ಪ ದಿನಕ್ಕೆ ಆಕೆ ಹೋದಳೆಂದು ಸುದ್ದಿ ಬಂತು. ಮಣ್ಣಿಗೆ ಹೋಗುವ ಧೈರ್ಯ ನನಗಾಗಲಿಲ್ಲ.

ಈಗ ನಾನು ಬೆಳಿಗ್ಗೆ ಕೆರೆಗೆ ಇಳಿಯುತ್ತೇನೆ. ಕಡಿಯುವುದಿಲ್ಲ, ಬೇರು ಸಮೇತ ಅಗೆದು, ಬಂಡೆಯ ಮೇಲೆ ಹರವಿ, ಗರಿಗರಿ ಒಣಗಿದ ಮೇಲೆ ಸುಡುತ್ತೇನೆ. ಖಾಲಾಗೆ ಹೇಳಬೇಕಾಗಿದ್ದ ರೀತಿ ಅದು. ಆದರೆ ನನ್ನ ಕೈಯಲ್ಲಿ ಈಗ ಕಸುವಿಲ್ಲ. ನಾನು ಒಂದು ಮಂಚದಷ್ಟು ಜಾಗ ತೆರವು ಮಾಡುವಷ್ಟರಲ್ಲಿ ಹಿಂದಿನದು ಚಿಗುರಿರುತ್ತದೆ. ಹಳ್ಳದ ಗುಂಟ ಅದು ಕೆಳಗಿನ ಊರನ್ನೂ ಮುಟ್ಟಿದೆ. ನನ್ನ ಜನ್ಮದಲ್ಲಿ ಇದು ಮುಗಿಯುವುದಿಲ್ಲ, ನನ್ನ ಮೊಮ್ಮಗಳ ಜನ್ಮದಲ್ಲೂ ಮುಗಿಯುವಂತೆ ಕಾಣುವುದಿಲ್ಲ.

ಈ ವರ್ಷ ಗಾಯರಾಣದ ಅಂಚಿನ ಮನೆಗೆ ಬೇರೆ ಊರಿನಿಂದ ಬಂದ ಗಂಡ ಹೆಂಡತಿ ಹೊಸದಾಗಿ ಆಡು ಕಟ್ಟಿದ್ದಾರೆ. ಬೇಸಿಗೆ ಶುರುವಾಗಿದೆ. ಅವು ಕೆರೆಗೆ ಇಳಿಯುವುದನ್ನು ಕಂಡು ಅವರ ಮನೆಗೆ ಹೋಗಿ ಹೇಳಿದೆ. ಅದು ವಿಷ, ಒಮ್ಮೆ ತಿಂದರೆ ಬಿಡುವುದಿಲ್ಲ, ಖಾಲಾನ ಹಿಂಡು ಹೋದದ್ದು ಅದರಿಂದಲೇ ಎಂದೆ.

"ಖಾಲಾನ ಆಡಿಗೆ ಗಾಳಿ ಬಡದಿತ್ತು ಅಂತಾರಲ್ಲ" ಎಂದ ಗಂಡ.

"ಇಲ್ಲ. ಆ ಕಂಟಿ ಹಚ್ಚಿದವ ನಾನು."

ಊರಿನಲ್ಲಿ ಅದನ್ನು ನಾನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಅವನ ಹೆಂಡತಿ ಎದ್ದು ಒಳಗೆ ಹೋಗಿ ಒಂದು ಆಡನ್ನು ಎಳೆದುಕೊಂಡು ಬಂದಳು. ಎಳೆಯ ಆಡು. ತಲೆ ಸಣ್ಣಗೆ ಅದುರುತ್ತಿತ್ತು.

"ಇದು ಹುಲ್ಲು ಬಿಟ್ಟು ವಾರಾತು" ಎಂದಳು. "ಮೊದಲ ಹೇಳಾಕ ನಿನಗ ಏನಾಗಿತ್ತು ಮುತ್ಯಾ?"

ಹಗ್ಗವನ್ನು ನನ್ನ ಕೈಗೆ ಕೊಟ್ಟಳು. "ನೀ ಹಚ್ಚೀದಿ, ನೀನ ಉಳಸು."

ಅದೀಗ ನನ್ನ ಅಂಗಳದಲ್ಲಿದೆ. ತೊಗರಿ ಹೊಟ್ಟು ಇಟ್ಟೆ, ಜಾಲಿಕಾಯಿ ತಂದೆ, ಬೇವಿನ ಸೊಪ್ಪು ಕಟ್ಟಿದೆ, ಬೆಲ್ಲದ ನೀರು ಕಲಸಿಟ್ಟೆ. ಮೂಸಿ ನೋಡಿ ಮುಖ ತಿರುಗಿಸುತ್ತದೆ. ಶುರುವಿನಲ್ಲಿ ಬಿಡಿಸಿದರೆ ಕೆಲವು ಉಳಿಯುತ್ತವೆ ಎಂದು ಡಾಕ್ಟರು ಅಂದಿದ್ದರು. ಇದು ಶುರುವೋ ಅಲ್ಲವೋ ಹೇಳಲು ನನಗೆ ತಿಳಿಯುವುದಿಲ್ಲ. ಮಲಗುವುದಿಲ್ಲ, ನೀರು ಕುಡಿಯುವುದಿಲ್ಲ. ಕೆರೆಯ ಕಡೆಗೆ ಮುಖ ಮಾಡಿ, ಕತ್ತು ಮುಂದಕ್ಕೆ ಚಾಚಿ ನಿಂತಿದೆ. ಬೆಳಗಿನಿಂದ ಹಗ್ಗ ಒಂದು ಕ್ಷಣವೂ ಸಡಿಲಾಗಿಲ್ಲ.